ಮಸ್ಕಿಯಲ್ಲಿ ಕುಡಿದ ನೀರು

ಸಿಂಧನೂರು
೧೧ ಜೂನ್ ೨೦೨೫

ಗುರುಗುಂಟಾದ ಮೈಮುನಾಬಿ ಅಮ್ಮನವರಿಗೆ,

ನಮಸ್ಕಾರ. ನಾನು ಸುಕನ್ಯಾ. ಸಿಂಧನೂರಿನ ‘ಒರತೆ’ ಎಂಬ ಸಂಸ್ಥೆಯಲ್ಲಿ ಆರೋಗ್ಯದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮದು ಸರ್ಕಾರದ ಕಚೇರಿಯಲ್ಲ. ಊರೂರಿಗೆ ಹೋಗಿ ಕುಡಿಯುವ ನೀರು ಪರೀಕ್ಷಿಸುತ್ತೇವೆ, ಎಲ್ಲಾದರೂ ರೋಗ ಎದ್ದರೆ ಆಸ್ಪತ್ರೆಯವರ ಜೊತೆ ನಿಲ್ಲುತ್ತೇವೆ, ಅಷ್ಟೇ.

ಈ ಪತ್ರ ತಂದುಕೊಟ್ಟವನು ಗೊರೇಬಾಳದ ದುರುಗೇಶ. ಅವನ ಕಣ್ಣು ನೋಡಿದರೆ ಯಾಕೆ ಬಂದಿದ್ದಾನೆಂದು ನಾನು ಹೇಳಬೇಕಿಲ್ಲ. ನೀವು ಕಾಮಣಿಗೆ ಔಷಧ ಕೊಡುವವರೆಂದು ಈ ಭಾಗಕ್ಕೆಲ್ಲ ಗೊತ್ತು. ಹೋಗಬೇಡ ಎಂದು ಅವನಿಗೆ ನಾನು ಹೇಳಲಿಲ್ಲ, ಹೇಳಿದ್ದರೂ ಬರುತ್ತಿದ್ದ. ಅದರ ಬದಲು ಪತ್ರ ಕೊಟ್ಟು ಕಳಿಸಿದ್ದೇನೆ.

ನಿಮ್ಮ ಮಗ ಆಸೀಮ್ ಅವರಿಗೆ ಮೊದಲು ಫೋನ್ ಮಾಡಿದ್ದೆ. “ಅಮ್ಮಗ ಕಿವಿ ಕೇಳಂಗಿಲ್ರಿ. ನಾ ಹಟ್ಟಿ ಗಣಿಯಾಗ ಪಾಳಿ ಮ್ಯಾಲ ಇರ್ತೀನಿ. ಬರದು ಕಳಸ್ರಿ, ಆಕಿ ಓದತಾಳ,” ಎಂದರು.

ಕೇಳಬೇಕಾದದ್ದು ಇಷ್ಟು. ದುರುಗೇಶನ ರಕ್ತವನ್ನು ರಾಯಚೂರಿಗೆ ಕಳಿಸಿ ನೋಡಿಸಿದ್ದೇವೆ. ಇದು ನೀರಿನಿಂದ ಹರಡುವ ಕಾಮಾಲೆ. ಆದರೆ ಆಸ್ಪತ್ರೆಯ ಲೆಕ್ಕದಲ್ಲಿ ಇಂಥವರು ಬೆರಳೆಣಿಕೆಯಷ್ಟೇ. ನಾನು ಹೋದ ಊರುಗಳಲ್ಲಿ ಮಾತ್ರ “ಗುರುಗುಂಟಾಕ್ಕ ಹೋಗಿ ಬಂದೀವ್ರಿ” ಎನ್ನುವವರು ಸಿಗುತ್ತಲೇ ಇದ್ದಾರೆ. ಅಂದರೆ ರೋಗ ಎಷ್ಟಿದೆ, ಎಲ್ಲೆಲ್ಲಿದೆ ಎಂಬುದು ಆಸ್ಪತ್ರೆಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಅಂಗಳದಲ್ಲಿ ಕೂತು ಹೋದವರು ಯಾವ ಊರಿನವರೆಂದು ಬರೆದು ಕಳಿಸುವಿರಾ?

ಇತಿ,
ಸುಕನ್ಯಾ

*

ಗುರುಗುಂಟಾ
೧೫ ಜೂನ್ ೨೦೨೫

ಸುಕನ್ಯಾ ಅವರಿಗೆ ಮೈಮುನಾಬಿಯ ಸಲಾಂ.

ನಾನು ಏಳನೇ ತರಗತಿಯವರೆಗೆ ಕನ್ನಡ ಶಾಲೆ ಓದಿದವಳು. ಮನೆಯಲ್ಲಿ ನಮ್ಮ ಮಾತು ಬೇರೆ, ಓಣಿಯ ಮಾತು ಬೇರೆ. ಬರೆಯಲು ಕೂತರೆ ಮಾತ್ರ ಮಾಸ್ತರರು ಕಲಿಸಿದ ಪುಸ್ತಕದ ಕನ್ನಡವೇ ಬರುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಕಾಗದ ಬರೆದು ಬಹಳ ವರ್ಷವಾಗಿತ್ತು, ಖುಷಿಯಾಯಿತು.

ಹಿಂದೊಮ್ಮೆ ಯಾರೋ ಜೀಪಿನಲ್ಲಿ ಬಂದಿದ್ದರು. ಸೊಪ್ಪಿನ ಹೆಸರು ಕೇಳಿದರು, ನಾನು ಹೇಳಲಿಲ್ಲ. ಬೋರ್ಡು ಹಾಕಬಾರದು ಎಂದರು. ನನ್ನ ಮನೆಗೆ ಬೋರ್ಡೇ ಇಲ್ಲ. ರೋಗಿಗಳು ಯಾವ ಊರಿನಿಂದ ಬರುತ್ತಾರೆ ಎಂದು ಕೇಳಿದವರು ನೀವೇ ಮೊದಲು. ನಿಜ ಹೇಳಬೇಕೆಂದರೆ ನಾನೂ ಕೇಳುತ್ತಿರಲಿಲ್ಲ. ಕಣ್ಣು ನೋಡುತ್ತೇನೆ, ಉಗುರು ನೋಡುತ್ತೇನೆ, ಏನು ಉಂಡಿದ್ದೆ ಎಂದು ಕೇಳುತ್ತೇನೆ. ಆಡಿನ ಹಾಲಿನಲ್ಲಿ ಔಷಧ ಅರೆದು ಕೊಟ್ಟು, ಎಣ್ಣೆ ಮುಟ್ಟಬೇಡ, ಮಜ್ಜಿಗೆ ಅನ್ನ ಉಣ್ಣು ಎಂದು ಕಳಿಸುತ್ತೇನೆ. ಔಷಧ ಕೊಡುವುದು ಗುರುವಾರ ಮತ್ತು ಆದಿತ್ಯವಾರ ಮಾತ್ರ.

ನಿಮ್ಮ ಪತ್ರ ಬಂದ ಮೇಲೆ ಕೇಳಿದೆ. ಬಕ್ರೀದ್ ಹಿಂದುಮುಂದಿನಿಂದ ಈ ಸಲ ಮಂದಿ ಹೆಚ್ಚು, ಅದು ಖರೆ. ಆದರೆ ಒಂದೇ ಊರಿನಿಂದ ಗುಂಪಾಗಿ ಬರುತ್ತಿಲ್ಲ. ಗೊರೇಬಾಳದವನು ಒಬ್ಬ, ಲಿಂಗಸುಗೂರಿನವರು ಇಬ್ಬರು, ಮಸ್ಕಿಯ ಕಡೆಯ ಹಳ್ಳಿಗಳವರು, ಹಟ್ಟಿಯವನೊಬ್ಬ, ಸಿಂಧನೂರು ಪೇಟೆಯ ಅಂಗಡಿಯವನೊಬ್ಬ. ಉದುರಿಸಿದ ಜೋಳದಂತೆ ಅಲ್ಲೊಬ್ಬ ಇಲ್ಲೊಬ್ಬ. ಇನ್ನೊಂದು ಮಾತು, ಬಂದವರಲ್ಲಿ ಬಹಳಷ್ಟು ಮಂದಿ ಗಂಡಸರು, ಅದೂ ಪ್ರಾಯದವರು. ಯಾಕೆಂದು ನನಗೆ ತಿಳಿಯದು.

ಈಗ ನನ್ನದೊಂದು ಪ್ರಶ್ನೆ. ಕಾಮಣಿ ಬಿಸಿಲಿಗೆ, ಪಿತ್ತಕ್ಕೆ ಬರುತ್ತದೆ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ನೀವು ನೀರು ಎನ್ನುತ್ತೀರಿ. ನೀರಿನಲ್ಲಿ ಏನಿರುತ್ತದೆ? ಕಣ್ಣಿಗೆ ಕಾಣುತ್ತದೆಯೇ?

ಮೈಮುನಾಬಿ

*

ಸಿಂಧನೂರು
೧೮ ಜೂನ್ ೨೦೨೫

ಮೈಮುನಾಬಿ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಸಂಸ್ಥೆ ಕಟ್ಟಿದ ಲಾಲಪ್ಪ ಸರ್ ಕನ್ನಡಕ ತೆಗೆದು, “ಇಷ್ಟು ದಿನ ಈಕೀನ್ನ ಯಾಕ ಕೇಳಲಿಲ್ಲ ನಾವು?” ಎಂದರು.

ನೀರಿನಲ್ಲಿರುವುದು ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿರುವ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ, ಅಷ್ಟು ಸಣ್ಣದು. ನಾನೂ ನೋಡಿಲ್ಲ, ಪುಸ್ತಕ ನಂಬಿ ಹೇಳುತ್ತಿದ್ದೇನೆ. ರೋಗ ಇರುವವರ ಮಲ ಹೇಗೋ ಕುಡಿಯುವ ನೀರಿಗೆ ಸೇರಿದರೆ, ಅದನ್ನು ಕುಡಿದವರ ಪಿತ್ತಕೋಶದ ಪಕ್ಕದ ಯಕೃತ್ತು ಬಾತುಕೊಳ್ಳುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ, ರುಚಿಯೂ ಕೆಡುವುದಿಲ್ಲ.

ಹುಡುಕುವವರಿಗೆ ತೊಡಕಾಗುವುದು ಇನ್ನೊಂದು ವಿಷಯ. ಕುಡಿದ ಮರುದಿನ ಕಣ್ಣು ಹಳದಿಯಾಗುವುದಿಲ್ಲ. ತಿಂಗಳು, ಒಂದೂವರೆ ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ನಿನ್ನೆ ಮೊನ್ನೆಯದನ್ನು ಕೇಳಿ ಪ್ರಯೋಜನವಿಲ್ಲ. ಏಪ್ರಿಲ್ ಕೊನೆಯಿಂದ ಮೇ ತಿಂಗಳ ತನಕ ಎಲ್ಲಿ ನೀರು ಕುಡಿದಿದ್ದರು ಎಂದು ಕೇಳಬೇಕು. ತಾರೀಖು ಕೇಳಿದರೆ ಯಾರೂ ಹೇಳಲಾರರು. ಭತ್ತದ ಕೊಯ್ಲು, ಕಾಲುವೆ ನೀರು ನಿಂತದ್ದು, ಯಾರದೋ ಮದುವೆ ಎಂದು ಕೇಳಿದರೆ ನೆನಪಾಗುತ್ತದೆ.

ನನ್ನ ಅನುಮಾನ ಗೊರೇಬಾಳದ ಕೆರೆಯ ಮೇಲೆ. ಕಾಲುವೆ ಬಂದಾದ ಮೇಲೆ ಕೆರೆಯ ತಳದ ನೀರನ್ನೇ ಕುಡಿದಿದ್ದಾರೆ. ಈ ವಾರವೆಲ್ಲ ಅಲ್ಲಿಯೇ ಓಡಾಡುತ್ತಿದ್ದೇನೆ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ, ಬೇಸರ ಬೇಡ. ಈ ಕಾಮಾಲೆ ಹೆಚ್ಚಿನವರಿಗೆ ಔಷಧವಿಲ್ಲದೆ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಬಸುರಿ ಹೆಂಗಸರಿಗೆ ಬಂದರೆ ಹಾಗಲ್ಲ, ಅದು ದೊಡ್ಡ ಅಪಾಯ. ಅಂಥವರು ಯಾರಾದರೂ ಬಂದರೆ ದಯವಿಟ್ಟು ಔಷಧಕ್ಕೆ ಕೂಡಿಸದೆ ಆಸ್ಪತ್ರೆಗೆ ಕಳಿಸಿ.

ಸುಕನ್ಯಾ

*

ಗುರುಗುಂಟಾ
೨೨ ಜೂನ್ ೨೦೨೫

ಬೇಟಿ ಸುಕನ್ಯಾ,

ನಿನ್ನನ್ನು ‘ನೀವು’ ಎಂದು ಬರೆಯಲು ಕೈ ಬರುತ್ತಿಲ್ಲ. ದುರುಗೇಶನನ್ನು ಕೇಳಿದೆ, ನಿನಗೆ ಮೂವತ್ತೂ ಆಗಿಲ್ಲವಂತೆ.

ಔಷಧವಿಲ್ಲದೆಯೂ ವಾಸಿಯಾಗುತ್ತದೆ ಎಂದು ಬರೆದಿದ್ದಿ. ಬೇಸರವೇನೂ ಆಗಲಿಲ್ಲ. ನನ್ನ ಅತ್ತೆ ಹೇಳುತ್ತಿದ್ದರು: “ಹತ್ತು ಮಂದ್ಯಾಗ ಒಂಬತ್ತು ಮಂದೀನ್ನ ಅಲ್ಲಾನೇ ಆರಾಮ ಮಾಡ್ತಾನ. ಒಬ್ಬನಿಗೆ ನಾವು ಬೇಕು. ಆ ಒಬ್ಬ ಯಾರಂತ ಗೊತ್ತಿಲ್ಲ, ಅದಕ್ಕ ಹತ್ತೂ ಮಂದಿಗಿ ಕೊಡೋದು.” ನೀನು ಹೇಳುವ ಪ್ರಕಾರ ಆ ಹತ್ತನೆಯವನಿಗೆ ಆಸ್ಪತ್ರೆ ಬೇಕು. ಇದನ್ನು ನಾನು ಎರಡು ದಿನ ಯೋಚಿಸಿದೆ. ಇನ್ನೂ ಮುಗಿದಿಲ್ಲ. ಬಸುರಿ ಹೆಂಗಸು ಇದುವರೆಗೆ ನನ್ನ ಬಾಗಿಲಿಗೆ ಯಾರೂ ಬಂದಿಲ್ಲ.

ಈಗ ಕೇಳು. ಈ ದಿನ ಬಂದವರನ್ನು ಜಗಲಿಯ ಮೇಲೆ ಕೂಡಿಸಿ ಒಬ್ಬೊಬ್ಬರನ್ನೇ ವಿಚಾರಿಸಿದೆ. ನನಗೆ ಕಿವಿ ಕೇಳದ್ದರಿಂದ ಎಲ್ಲರೂ ಕೂಗಿ ಹೇಳಬೇಕಾಯಿತು. ಓಣಿಗೆಲ್ಲ ಕೇಳಿಸಿ ನೆರೆಯವರೂ ಬಂದು ಕೂತರು. ಒಬ್ಬನು ಹೊಲದ ಬಾವಿಯ ನೀರು ಕುಡಿಯುವವನು, ಒಬ್ಬನು ನಲ್ಲಿಯ ನೀರು, ಒಬ್ಬನು ಕ್ಯಾನಿನ ನೀರು. ಯಾವುದೂ ಕೂಡಿ ಬರಲಿಲ್ಲ. ಲಿಂಗಸುಗೂರಿನವನೊಬ್ಬ ಕೊನೆಗೆ, “ನಮ್ಮ ಮನಿ ನೀರು ಎಲ್ಲಾರೂ ಕುಡೀತಾರಲ್ಲಮ್ಮ, ನನಗೊಬ್ಬಗs ಯಾಕ ಬಂತು?” ಎಂದ. ಆಗ ನನಗೆ ಹೊಳೆಯಿತು. ಮನೆಯ ನೀರಾಗಿದ್ದರೆ ಮನೆಯ ಹೆಂಗಸರಿಗೂ ಬರಬೇಕಿತ್ತು. ಗಂಡಸರು ಮಾತ್ರ ಕುಡಿಯುವ ನೀರು ಎಲ್ಲಿರುತ್ತದೆ?

ದಾರಿಯಲ್ಲಿ, ಬೇಟಿ. ಹೆಂಗಸರು ಬಸ್ಸು ಹತ್ತುವ ದಿನ ನೀರು ಕುಡಿಯುವುದಿಲ್ಲ. ಕುಡಿದರೆ ಇಳಿದು ಹೋಗುವುದಾದರೂ ಎಲ್ಲಿಗೆ? ಬಾಯಿ ಒಣಗಿದರೂ ಮನೆ ಮುಟ್ಟುವ ತನಕ ತಡೆಯುತ್ತೇವೆ. ನನ್ನ ಸೊಸೆ ಶಾಜಿಯಾ ಮೇ ತಿಂಗಳಲ್ಲಿ ಮೊದಲ ಹೆರಿಗೆಗೆಂದು ಗೊರೇಬಾಳದ ತವರಿಗೆ ಹೋದಾಗ ನಾನೇ ಹೇಳಿ ಕಳಿಸಿದ್ದೆ, ಬಸ್ಸಿನಲ್ಲಿ ನೀರು ಮುಟ್ಟಬೇಡ ಎಂದು.

ಆಮೇಲೆ ಎಲ್ಲರಿಗೂ ಅದೊಂದೇ ಕೇಳಿದೆ: ಕೊಯ್ಲು ಮುಗಿದ ಮೇಲೆ ಬಸ್ಸಿನಲ್ಲಿ ಎಲ್ಲಿಗೆ ಹೋಗಿದ್ದಿರಿ, ಎಲ್ಲಿ ಇಳಿದಿರಿ. ಯಾರು ಎಲ್ಲಿಗೇ ಹೋಗಿರಲಿ, ಎಲ್ಲರೂ ಮಸ್ಕಿಯಲ್ಲಿ ಇಳಿದವರೇ. ಅಲ್ಲಿ ರಸ್ತೆ ತಿರುವಿನಲ್ಲಿ ಬೇವಿನ ಗಿಡದ ಕೆಳಗೆ ಬೇಸಿಗೆಯಲ್ಲಿ ಅರವಟಿಗೆ ಇಟ್ಟಿದ್ದರಂತೆ. ಕೆಂಪು ಬಟ್ಟೆ ಸುತ್ತಿದ ದೊಡ್ಡ ಮಣ್ಣಿನ ಗಡಿಗೆಗಳು. “ಅಂಥಾ ತಣ್ಣನ ನೀರು ಎಲ್ಲೂ ಕುಡದಿಲ್ಲಮ್ಮ,” ಎಂದು ದುರುಗೇಶನೂ ಹೇಳಿದ. ಯಾರು ಇಟ್ಟಿದ್ದರೋ, ಪುಣ್ಯವಂತರೇ ಇರಬೇಕು. ಆದರೂ ನೀನೊಮ್ಮೆ ವಿಚಾರಿಸು.

ಮೈಮುನಾಬಿ

*

ಗುರುಗುಂಟಾ
೨೯ ಜೂನ್ ೨೦೨೫

ಬೇಟಿ ಸುಕನ್ಯಾ,

ಗುರುವಾರ ನಿನ್ನ ಪತ್ರ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಈ ದಿನವೂ ಸಿಂಧನೂರಿನವರು ಮೂವರು ಬಂದರು, ಮೂವರೂ ಬರಿಗೈಯಲ್ಲಿ. ನಾನು ಏನಾದರೂ ಹೆಚ್ಚುಕಡಿಮೆ ಬರೆದೆನೇ? ಅರವಟಿಗೆ ಇಟ್ಟವರು ದೊಡ್ಡ ಮನುಷ್ಯರೇ? ಹಾಗಿದ್ದರೆ ನನ್ನ ಹೆಸರು ಹೇಳಬೇಡ, ಅಷ್ಟೇ ಸಾಕು.

ಸುಮ್ಮನೆ ಒಂದು ಕೇಳುತ್ತೇನೆ. ಬಸುರಿ ಹೆಂಗಸಿಗೆ ಈ ಕಾಮಣಿ ಬಂದರೆ ಅಪಾಯ ಎಂದಿದ್ದಿ. ಯಾವ ತರಹದ ಅಪಾಯ? ತುಂಬು ತಿಂಗಳಾದರೆ ಹೆಚ್ಚೋ ಕಡಿಮೆಯೋ? ಊಟ ಸೇರುತ್ತಿದೆ, ಎದ್ದು ಓಡಾಡುತ್ತಿದ್ದಾಳೆ ಎಂದರೆ ಕಾಯಬಹುದೇ? ಔಷಧ ಕೊಡುವವಳು ತಿಳಿದಿರಬೇಕಲ್ಲ, ಅದಕ್ಕೆ ಕೇಳಿದೆ.

ಮೈಮುನಾಬಿ

*

ಸಿಂಧನೂರು
೨ ಜುಲೈ ೨೦೨೫

ಮೈಮುನಾಬಿ ಅಮ್ಮನವರಿಗೆ,

ನಮಸ್ಕಾರ. ತಡವಾದುದಕ್ಕೆ ಕ್ಷಮೆ ಇರಲಿ. ಮಸ್ಕಿಯ ವಿಷಯ ಪರಿಶೀಲನೆಯಲ್ಲಿದೆ. ಕೆಲವು ಕಡೆಯ ನೀರಿನ ಮಾದರಿ ರಾಯಚೂರಿಗೆ ಹೋಗಿದೆ. ವರದಿ ಬರುವ ತನಕ ಆ ಬಗ್ಗೆ ಯಾರೊಡನೆಯೂ ಮಾತಾಡದಿದ್ದರೆ ಒಳ್ಳೆಯದು.

ನಿಮ್ಮ ಪ್ರಶ್ನೆಗೆ: ತುಂಬು ತಿಂಗಳಾದಷ್ಟೂ ಅಪಾಯ ಹೆಚ್ಚು. ಮೊದಮೊದಲು ಊಟ ಮಾಡಿಕೊಂಡು ಚೆನ್ನಾಗಿಯೇ ಇರುತ್ತಾರೆ. ಆಮೇಲೆ ಒಮ್ಮೆಲೇ ಮಂಪರು, ತಪ್ಪುತಪ್ಪು ಮಾತು, ರಕ್ತ ನಿಲ್ಲದಿರುವುದು. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಕಣ್ಣು ಹಳದಿಯಾದ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಕಾಯಬಾರದು.

ಸುಕನ್ಯಾ

*

ಸಿಂಧನೂರು
೭ ಜುಲೈ ೨೦೨೫

ಅಮ್ಮಾ,

ಹೋದ ಪತ್ರವನ್ನು ಸರ್ಕಾರಿ ಕಾಗದದಂತೆ ಬರೆದೆ. ನೀವು ಗಮನಿಸಿರುತ್ತೀರಿ. ಅರವಟಿಗೆ ಇಟ್ಟವರು ಯಾರು ಎಂದು ಕೇಳಿದ್ದಿರಿ. ನಾವೇ ಇಟ್ಟದ್ದು. ಒರತೆ ಸಂಸ್ಥೆಯದು.

ನಿಮ್ಮ ಜೂನ್ ಇಪ್ಪತ್ತೆರಡರ ಪತ್ರ ಓದಿದಾಗ ಮೊದಲು ನಂಬಲಿಲ್ಲ. ಬೇರೆ ಯಾರದೋ ಅರವಟಿಗೆ ಇರಬೇಕೆಂದು ಮಸ್ಕಿಗೆ ಹೋಗಿ ಬಂದೆ. ಬೇವಿನ ಗಿಡದ ಕೆಳಗೆ ಬೇರೆ ಯಾರದೂ ಇರಲಿಲ್ಲ. ಪ್ರತಿ ವರ್ಷ ನಾವು ಶುದ್ಧ ನೀರಿನ ಘಟಕದಿಂದ ನೀರು ತರಿಸುತ್ತಿದ್ದೆವು. ಈ ಏಪ್ರಿಲ್‌ನಲ್ಲಿ ಘಟಕ ಕೆಟ್ಟಿತು. ಬಿಸಿಲು ಏರುತ್ತಿತ್ತು, ಗಡಿಗೆ ಖಾಲಿ ಇಡಬಾರದೆಂದು ಊರ ಹೊರಗಿನ ಹೊಸ ಬಡಾವಣೆಯ ಒಂದು ಬೋರಿನಿಂದ ಟ್ಯಾಂಕರಿನಲ್ಲಿ ತರಿಸಿದೆವು. ಆ ನೀರನ್ನು ಪರೀಕ್ಷಿಸಬೇಕಾದವಳು ನಾನು. ಪರೀಕ್ಷೆಯ ಪೆಟ್ಟಿಗೆ ನನ್ನ ಸ್ಕೂಟಿಯಲ್ಲೇ ಇತ್ತು. ಲೋಟದಲ್ಲಿ ಹಿಡಿದು ನೋಡಿದೆ, ಕನ್ನಡಿಯಂತಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡು ಗೊರೇಬಾಳಕ್ಕೆ ಹೋದೆ. ಆ ನಾಳೆ ಬರಲೇ ಇಲ್ಲ. ನೀರು ತಿಳಿಯಾಗಿಯೇ ಇರುತ್ತದೆ ಎಂದು ನಿಮಗೆ ಬರೆದವಳು ನಾನೇ.

ಶನಿವಾರ ವರದಿ ಬಂತು. ಬೋರಿನ ನೀರಿಗೆ ಪಾಯಖಾನೆ ಗುಂಡಿಯ ನೀರು ಸೇರುತ್ತಿದೆ.

ಬೋರು ಬಂದ್ ಮಾಡಿಸಲು ಯಾರೂ ತಕರಾರು ಮಾಡಲಿಲ್ಲ. ಜಗಳ ಆದದ್ದು ನಮ್ಮ ಹೆಸರು ಹೇಳುವುದರ ಬಗ್ಗೆ. ಲಾಲಪ್ಪ ಸರ್ ಒಳ್ಳೆಯವರು, ಇಪ್ಪತ್ತು ವರ್ಷದ ದುಡಿಮೆ ಅವರದು. “ತಪ್ಪು ಮುಚ್ಚಿಡು ಅನ್ನಾಕತ್ತಿಲ್ಲವ್ವ ನಾ,” ಎಂದರು. “ಬೋರು ಬಂದ್ ಮಾಡಸೋಣ, ರೋಗ ಬಂದವರ್ನ ನೋಡಕೊಳ್ಳೋಣ. ನಮ್ಮ ಹೆಸರು ಯಾಕ ಸಾರಬೇಕು? ನಾಳೆ ಯಾವ ಊರಾಗ ನಮ್ಮನ್ನ ಒಳಗ ಬಿಟ್ಟಕೋತಾರ?”

ನಾನೆಂದೆ: “ಸರ್, ಅಲ್ಲಿ ಯಾರು ಕುಡದಾರ ಅಂತ ನಮಗ ಗೊತ್ತಿಲ್ಲ. ಎಲ್ಲಿ ಕುಡದ್ರಿ ಅಂತ ಹೇಳದs ಅವರನ್ನ ಹುಡುಕೋದು ಹೆಂಗ? ಬಸುರಿ ಹೆಣ್ಮಗಳು ಒಬ್ಬಾಕಿ ಕುಡದಿದ್ರ?”

ಅವರು ಎದ್ದು ತಾವೇ ಆಟೋದವರಿಗೆ ಫೋನ್ ಮಾಡಿದರು. ಈ ದಿನ ಬೆಳಿಗ್ಗೆಯಿಂದ ಮೂರು ತಾಲ್ಲೂಕಿನಲ್ಲೂ ಮೈಕು ಕೂಗುತ್ತಿದೆ: ಏಪ್ರಿಲ್ ಮೇ ತಿಂಗಳಲ್ಲಿ ಮಸ್ಕಿಯ ಒರತೆ ಸಂಸ್ಥೆಯ ಅರವಟಿಗೆಯಲ್ಲಿ ನೀರು ಕುಡಿದವರು, ಅದರಲ್ಲೂ ಗರ್ಭಿಣಿಯರು, ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು. ಧ್ವನಿ ಲಾಲಪ್ಪ ಸರ್ ಅವರದೇ. ಆಸ್ಪತ್ರೆಯವರೂ ಜೊತೆಗಿದ್ದಾರೆ.

ಗಡಿಗೆಯ ಹತ್ತಿರ ನಿಂತು ನೀರು ಹಾಕುತ್ತಿದ್ದ ಯಂಕಮ್ಮನಿಗೆ ವಿಷಯ ನಾನೇ ಹೋಗಿ ಹೇಳಿದೆ. ಆಕೆ ಒಂದೇ ಮಾತು ಕೇಳಿದಳು: “ನಾನೂ ಅದನ್ನs ಕುಡದೀನಲ್ಲ, ನನಗ್ಯಾಕ ಬರಲಿಲ್ಲ?” ಕೆಲವರಿಗೆ ರೋಗ ಬಂದದ್ದೂ ತಿಳಿಯದೆ ಹೋಗಿಬಿಡುತ್ತದೆ ಎಂದು ಪುಸ್ತಕದಲ್ಲಿದೆ. ಅದನ್ನು ಆ ಹೊತ್ತಿನಲ್ಲಿ ಹೇಳಲಾಗಲಿಲ್ಲ.

ಅಮ್ಮಾ, ಈಗ ನಿಮ್ಮ ಪತ್ರಗಳನ್ನು ಮತ್ತೆ ಓದಿದೆ. ‘ಸುಮ್ಮನೆ ಕೇಳುತ್ತೇನೆ’ ಎಂದು ಬರೆದಿದ್ದೀರಿ. ಯಾರಿಗಾಗಿ ಎಂದು ನಾನು ಕೇಳಬೇಕಿತ್ತು. ನನ್ನದೇ ಚಿಂತೆಯಲ್ಲಿ ಬಿಟ್ಟೆ. ಶಾಜಿಯಾ ಹೇಗಿದ್ದಾಳೆ? ಆಸೀಮ್ ಅವರ ಫೋನ್ ಹತ್ತುತ್ತಿಲ್ಲ. ಗೊರೇಬಾಳಕ್ಕೆ ಹೋದೆ, ಆಕೆಯ ತವರುಮನೆಗೆ ಬೀಗ ಹಾಕಿತ್ತು.

ಸುಕನ್ಯಾ

*

ಗುರುಗುಂಟಾ
೧೯ ಜುಲೈ ೨೦೨೫

ಸುಕನ್ಯಾಗೆ,

ನಿನ್ನ ಏಳನೇ ತಾರೀಖಿನ ಪತ್ರ ನಿನ್ನೆ ಓದಿದೆ. ಅಲ್ಲಿಯವರೆಗೆ ನಾನು ಮನೆಯಲ್ಲಿ ಇರಲಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಜೂನ್ ಕೊನೆಯ ವಾರ ಶಾಜಿಯಾಳ ಕಣ್ಣು ಹಳದಿಯಾಗಿದೆ ಎಂದು ಬೀಗರು ಹೇಳಿ ಕಳಿಸಿದರು. ನಾನು ಔಷಧ ಕಳಿಸಿದೆ. ನನ್ನ ಮನೆಯ ಸೊಸೆಗೆ ಕಾಮಣಿ ಬಂದು ಆಸ್ಪತ್ರೆಗೆ ಹಾಕಿದರೆ ನಾಳೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ನಿನಗೆ ಸುಮ್ಮನೆ ಎಂದು ಬರೆದೆ. ಆಸೀಮ್ ಕೇಳಿದರೆ, “ಔಷಧ ನಡದೈತಿ, ಆರಾಮ ಆಗ್ತಾಳ,” ಎಂದೆ.

ನಿನ್ನ ಎರಡನೇ ತಾರೀಖಿನ ಪತ್ರ ಗುರುವಾರ ಬೆಳಿಗ್ಗೆ ಬಂತು. ‘ಕಾಯಬಾರದು’ ಎಂದಿದ್ದಿ. ಜಗಲಿಯ ಮೇಲೆ ಕೂತವರನ್ನು ಹಾಗೆಯೇ ಬಿಟ್ಟು ಬಸ್ಸು ಹತ್ತಿದೆ. ಔಷಧ ಕೊಡುವ ದಿನ ನಾನು ಅಂಗಳ ಬಿಟ್ಟು ಎದ್ದದ್ದು ಅದೇ ಮೊದಲು. ಗೊರೇಬಾಳ ಮುಟ್ಟಿದಾಗ ಮಧ್ಯಾಹ್ನ. ಮಲಗಿದ್ದಳು. “ರಾತ್ರಿ ನಿದ್ದಿ ಮಾಡಿಲ್ಲ, ಈಗ ಹತ್ತೈತಿ,” ಎಂದು ಬೀಗಿತಿ ಹೇಳಿದಳು. ನಾನು ಎಬ್ಬಿಸಿದೆ. ನನ್ನ ಮುಖ ನೋಡಿ, “ಶಾಲಿ ಬಿಟ್ತಾ?” ಎಂದಳು. ಕಿವಿ ಕೇಳದಿದ್ದರೂ ತುಟಿ ನೋಡಿ ತಿಳಿಯಿತು. ನಿನ್ನ ಪತ್ರದಲ್ಲಿದ್ದ ತಪ್ಪುಮಾತು ಇದೇ ಎಂದು ಗೊತ್ತಾಯಿತು.

ಸಿಂಧನೂರಿಗೆ ಆಟೋದಲ್ಲಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ರಾಯಚೂರಿಗೆ. ಕೂಸು ಹೊಟ್ಟೆಯಲ್ಲಿಯೇ ಹೋಗಿತ್ತು. ಹೆಣ್ಣು. ಶಾಜಿಯಾ ನಾಲ್ಕೈದು ದಿನ ಯಾರನ್ನೂ ಗುರುತಿಸಲಿಲ್ಲ. ಈಗ ಕಣ್ಣು ಬಿಟ್ಟಿದ್ದಾಳೆ, ಗಂಜಿ ಕುಡಿಯುತ್ತಾಳೆ, ಬದುಕಿದಳು. “ಇನ್ನೊಂದು ದಿನ ತಡಾ ಆಗಿದ್ರ ಉಳೀತಿರಲಿಲ್ಲ,” ಎಂದು ಡಾಕ್ಟರ್ ನನ್ನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದರು. ಇನ್ನೆರಡು ದಿನ ಮೊದಲು ಕರೆತಂದಿದ್ದರೆ ಎಂದು ನಾನು ಕೇಳಿದೆ. ಅವರು ಮುಂದಿನ ಮಂಚದ ಕಡೆ ಹೋದರು.

ಮನೆಗೆ ಬಂದು ನಿನ್ನ ಪತ್ರ ಓದಿದೆ. ಶಾಜಿಯಾ ದಾರಿಯಲ್ಲಿ ನೀರು ಕುಡಿದಿರಲಾರಳು ಎಂದೇ ನಾನು ತಿಳಿದಿದ್ದೆ. ಕುಡಿದಿರಲೇಬೇಕು, ಮಸ್ಕಿಯಲ್ಲಿ ಬಸ್ಸು ಬದಲಿಸುವಾಗ, ನಿಮ್ಮ ಗಡಿಗೆಯ ನೀರನ್ನೇ. ಈ ದಿನ ಬೆಳಿಗ್ಗೆಯಿಂದ ನಿನ್ನ ಮೇಲೆ ಸಿಟ್ಟು ಮಾಡುತ್ತ ಕೂತಿದ್ದೇನೆ. ಸ್ವಲ್ಪ ಹೊತ್ತು ನಿನ್ನ ಮೇಲೆ ಇರುತ್ತದೆ, ಆಮೇಲೆ ನನ್ನ ಕಡೆ ತಿರುಗುತ್ತದೆ, ಮತ್ತೆ ನಿನ್ನ ಕಡೆ ಹೋಗುತ್ತದೆ. ನೀನು ಒಂದು ವಾರ ಬಾಯಿ ಮುಚ್ಚಿಕೊಂಡಿದ್ದಿ, ನಾನೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಅದೇ ವಾರ.

ಸದ್ಯಕ್ಕೆ ನನಗೆ ಬರೆಯಬೇಡ.

ಮೈಮುನಾಬಿ

*

ಸಿಂಧನೂರು
೨೦ ಆಗಸ್ಟ್ ೨೦೨೫

ಅಮ್ಮಾ,

ಬರೆಯಬೇಡ ಎಂದಿದ್ದಿರಿ. ಒಂದು ತಿಂಗಳು ಬರೆಯಲಿಲ್ಲ. ಈಗಲೂ ನನಗಾಗಿ ಬರೆಯುತ್ತಿಲ್ಲ.

ಮೈಕು ಕೂಗಿದ ಮೇಲೆ ಬಹಳ ಮಂದಿ ಬಂದರು. ಬೈಯಲು ಬಂದವರೂ ಇದ್ದರು. ಒಂದು ಊರಿನಲ್ಲಿ ನಮ್ಮ ಆಟೋವನ್ನು ಒಳಗೆ ಬಿಡಲಿಲ್ಲ. ಯಂಕಮ್ಮನನ್ನು ಸಂತೆಯಲ್ಲಿ ನಿಲ್ಲಿಸಿ, “ವಿಷಾ ಕುಡಿಸಿದಾಕಿ” ಎಂದರಂತೆ. ಆಕೆ ಈಗ ಸಂತೆಗೆ ಹೋಗುವುದಿಲ್ಲ. ಆದರೂ ಮೈಕು ಕೇಳಿ ಬಂದವರಲ್ಲಿ ಬಸುರಿಯರೂ ಇದ್ದರು. ಇಬ್ಬರಲ್ಲಿ ರೋಗ ಕಂಡಿತು. ಕಣ್ಣು ಹಳದಿಯಾದ ದಿನವೇ ಸೇರಿಸಿದೆವು. ಒಬ್ಬಾಕೆ ಹೋದ ವಾರ ಹೆತ್ತಳು. ಈ ಮಾತನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ದುರುಗೇಶ ಒಂದು ಸುದ್ದಿ ಹೇಳಿದ. ನೀವು ಮತ್ತೆ ಅಂಗಳದಲ್ಲಿ ಕೂಡುತ್ತಿದ್ದೀರಿ, ಔಷಧಕ್ಕಿಂತ ಮೊದಲು ಮನೆಯಲ್ಲಿ ಬಸುರಿ ಇದ್ದಾಳೆಯೇ ಎಂದು ಕೇಳುತ್ತೀರಿ, ಇದ್ದಾಳೆ ಎಂದವರಿಗೆ ಆಸ್ಪತ್ರೆಯ ದಾರಿ ತೋರಿಸುತ್ತೀರಿ ಎಂದ. ಆ ದಾರಿ ಹಿಡಿದು ಬಂದವರನ್ನು ಆಸ್ಪತ್ರೆಯಲ್ಲಿ ನಾನು ನೋಡಿದ್ದೇನೆ.

ಈಗ ಸಹಾಯ ಕೇಳಬೇಕಾಗಿದೆ. ಬೋರಿನ ಸುತ್ತಲಿನ ಬಡಾವಣೆಯವರು ಜುಲೈವರೆಗೂ ಅದೇ ನೀರು ಕುಡಿದಿದ್ದಾರೆ. ಸೆಪ್ಟೆಂಬರ್ ಮುಗಿಯುವ ತನಕ ಕಣ್ಣಿಟ್ಟಿರಬೇಕು. ಅಲ್ಲಿ ಬಸುರಿಯರಿದ್ದಾರೆ. ನಮ್ಮವರು ಹೋದರೆ ಬಾಗಿಲು ಹಾಕಿಕೊಳ್ಳುತ್ತಾರೆ. “ನೀರು ಕುಡಿಸಿದವರೂ ನೀವs, ಈಗ ರಕ್ತ ತಗೊಳ್ಳವರೂ ನೀವs,” ಎನ್ನುತ್ತಾರೆ. ನಿಮ್ಮಿಂದ ಒಂದು ಚೀಟಿ ಬಂದರೆ ಬಾಗಿಲು ತೆರೆಯಬಹುದು. ನಿಮ್ಮ ಮಾತು ಅಲ್ಲಿ ನಡೆಯುತ್ತದೆ.

ಬರೆಯದಿದ್ದರೂ ಬೇಸರವಿಲ್ಲ.

ಸುಕನ್ಯಾ

*

ಗುರುಗುಂಟಾ
೨೮ ಆಗಸ್ಟ್ ೨೦೨೫

ಸುಕನ್ಯಾ ಅಕ್ಕನವರಿಗೆ,

ನಾನು ಶಾಜಿಯಾ, ಮೈಮುನಾಬಿಯವರ ಸೊಸೆ. ನಿಮ್ಮ ಪತ್ರವನ್ನು ಅತ್ತೆ ಓದಿ ನನ್ನ ಕೈಗೆ ಕೊಟ್ಟರು. “ನೀನs ಬರಿ,” ಎಂದರು. ನಿಮ್ಮ ಹಳೆಯ ಪತ್ರಗಳನ್ನೂ ಕೊಟ್ಟರು. ಎಲ್ಲವನ್ನೂ ಓದಿದೆ. ನನ್ನ ಬಗ್ಗೆ ನೀವಿಬ್ಬರೂ ಬರೆದುಕೊಂಡಿದ್ದೀರಿ, ನನ್ನನ್ನು ಮಾತ್ರ ಯಾರೂ ಕೇಳಿಲ್ಲ. ಅದಕ್ಕೆ ಹೇಳುತ್ತೇನೆ.

ಆ ದಿನ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬಹಳ ಬಿಸಿಲು. ನೀರು ಕುಡಿಯಬಾರದು ಎಂದು ಅತ್ತೆ ಹೇಳಿದ್ದು ನೆನಪಿತ್ತು. ಕಣ್ಣು ಕತ್ತಲೆ ಬಂದು ಬೇವಿನ ಗಿಡ ಹಿಡಿದು ನಿಂತೆ. ಗಡಿಗೆಯ ಹತ್ತಿರ ಇದ್ದ ಹೆಂಗಸು ಓಡಿ ಬಂದು ತನ್ನ ಸ್ಟೂಲಿನ ಮೇಲೆ ಕೂಡಿಸಿದಳು. “ಕುಡಿಯವ್ವ, ಇಬ್ಬರ ಜೀವ ಐತಿ,” ಎಂದು ನೀರು ಕೊಟ್ಟಳು. ಎರಡು ಲೋಟ ಕುಡಿದೆ. ಆಮೇಲೆ, “ಹೊರಗ ಹೋಗೋದಿದ್ರ ಹೇಳು, ನಮ್ಮ ಮನಿ ಇಲ್ಲೇ ಐತಿ,” ಎಂದು ತನ್ನ ಮನೆಗೂ ಕರೆದುಕೊಂಡು ಹೋದಳು. ಆಕೆ ಯಂಕಮ್ಮ ಎಂದು ನಿಮ್ಮ ಪತ್ರದಿಂದ ತಿಳಿಯಿತು. ಆ ನೀರಿನಿಂದ ನನ್ನ ಮಗಳು ಹೋದಳು. ಆ ನೀರು ಸಿಗದಿದ್ದರೆ ಆ ದಿನ ನಾನು ರಸ್ತೆಯಲ್ಲಿ ಬೀಳುತ್ತಿದ್ದೆ. ಇವೆರಡನ್ನೂ ಕೂಡಿಸಿ ನೋಡಲು ನನಗೆ ಇನ್ನೂ ಬರುತ್ತಿಲ್ಲ.

ಚೀಟಿ ಕೇಳಿದ್ದೀರಿ. ಚೀಟಿಯಿಂದ ಬಾಗಿಲು ತೆರೆಯುವುದಿಲ್ಲ ಅಕ್ಕ. ನಾನೇ ಬರುತ್ತೇನೆ. ನಲವತ್ತು ದಿನ ಕಳೆದಿದೆ, ಡಾಕ್ಟರ್ ಓಡಾಡಬಹುದು ಎಂದಿದ್ದಾರೆ. ಅವರು ಬೇಡ ಎಂದಿದ್ದರು, ಆಸೀಮ್ ಅವರು. “ಆಕಿ ಹೋಗಲಿ, ಆಕಿ ಮಾತು ಕೇಳತಾರ,” ಎಂದು ಅತ್ತೆ ಒಪ್ಪಿಸಿದರು. ಮೊದಲು ಯಂಕಮ್ಮನ ಮನೆಗೆ ಹೋಗೋಣ. ಆಕೆಯೂ ನಮ್ಮ ಜೊತೆ ಬರಲಿ. ನಾನು ಪಕ್ಕದಲ್ಲಿದ್ದರೆ ಆಕೆಯನ್ನು ಯಾರೂ ಏನೂ ಅನ್ನಲಾರರು.

ನನ್ನದೊಂದು ಪ್ರಶ್ನೆ ಇದೆ. ಒಮ್ಮೆ ಈ ರೋಗ ಬಂದವರಿಗೆ ಮತ್ತೆ ಬರುತ್ತದೆಯೇ? ಮುಂದೆ ಮತ್ತೆ ಬಸುರಿಯಾದರೆ ನನಗೆ ಭಯ ಇದೆಯೇ, ಇಲ್ಲವೇ? ಅತ್ತೆಯನ್ನು ಕೇಳಿದರೆ ಅಳುತ್ತಾರೆ. ಡಾಕ್ಟರನ್ನು ಕೇಳಿದರೆ, “ಏನೂ ಆಗಂಗಿಲ್ಲ, ಹೋಗಮ್ಮ,” ಎಂದರು, ಆದರೆ ಮುಖ ನೋಡಿ ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುತ್ತೀರಿ ನೀವು. ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ. ಪತ್ರದಲ್ಲಿ ಉತ್ತರ ಬೇಡ, ಎದುರಿಗೆ ಹೇಳಿ.

ಸೋಮವಾರ ಬೆಳಗಿನ ಬಸ್ಸಿಗೆ ಮಸ್ಕಿಯಲ್ಲಿ ಇಳಿಯುತ್ತೇನೆ. ನಾನು ನಿಮ್ಮನ್ನು ನೋಡಿಲ್ಲ, ನೀವೂ ನನ್ನನ್ನು ನೋಡಿಲ್ಲ. ಹಸಿರು ಓಢಣಿ ಹಾಕಿಕೊಂಡಿರುತ್ತೇನೆ.

ಶಾಜಿಯಾ